ಒಂದು, ಎರಡು ಮತ್ತು ನಾಲ್ಕನೇ ಸೋಮವಾರ

ಶಿಕಾರಿಪುರ
೯ ಜೂನ್ ೨೦೨೫

ಗಿರೀಶ ಮೇಷ್ಟ್ರಿಗೆ ಶರಣು.

ನಮ್ಮ ಮಾಳಿಗೆ ಖಾಲಿ ಮಾಡಿ ಆನವಟ್ಟಿ ಕಾಲೇಜಿಗೆ ಹೋದ ಮೇಲೆ ಒಂದು ಸಲವಾದರೂ ಈ ಕಡೆ ತಲೆ ಹಾಕುತ್ತೀರಿ ಅಂದುಕೊಂಡಿದ್ದೆ. ಬರಲಿಲ್ಲ. ಫೋನ್ ಮಾಡೋಣವೆಂದರೆ ಕ್ಯಾಸನೂರಿನ ನಿಮ್ಮ ಕೋಣೆಗೆ ಸಿಗ್ನಲ್ ಇಲ್ಲ, ಕಾಲೇಜಿನಲ್ಲಿದ್ದಾಗ ಪಾಠ. ಹಾಗಾಗಿ ಕಾಗದ. ಅಂಚೆ ಕಚೇರಿಯಲ್ಲಿ ಕವರು ಕೇಳಿದರೆ ಅಲ್ಲಿದ್ದ ಹುಡುಗಿ ನನ್ನನ್ನು ಮೇಲೆ ಕೆಳಗೆ ನೋಡಿದಳು. ನೀವಾದರೂ ನಗಬೇಡಿ.

ಒಂದು ಕೆಲಸವಿದೆ. ನಮ್ಮ ಓಣಿಯ ಅಕ್ಕನ ಬಳಗಕ್ಕೆ ಈ ವರ್ಷ ನಾನು ಕಾರ್ಯದರ್ಶಿ. ಪ್ರತಿ ಶ್ರಾವಣ ಸೋಮವಾರ ಒಂಬತ್ತೂ ಜನ ಒಂದೇ ಕಡೆ ಸೇರಿ ವಚನ ಓದುತ್ತಿದ್ದೆವು. ಓದುವುದು ಹೆಸರಿಗೆ. ಇಬ್ಬರು ಮಾತಾಡುತ್ತಾರೆ, ಉಳಿದವರು ತಲೆಯಾಡಿಸಿ ಚಹ ಕುಡಿದು ಎದ್ದು ಹೋಗುತ್ತಾರೆ. ಒಂದೇ ಓಣಿಯಲ್ಲಿದ್ದೂ ಒಬ್ಬರ ಕಷ್ಟ ಒಬ್ಬರಿಗೆ ಗೊತ್ತಿಲ್ಲ. ಈ ಸಲ ಮೂರು ಮನೆಯಲ್ಲಿ ಮೂರು ಮೂರು ಜನ ಕೂರೋಣ ಎಂದೆ. ಮೂರೇ ಜನ ಇದ್ದರೆ ಬಾಯಿ ಮುಚ್ಚಿಕೊಂಡು ಕೂರಲು ಯಾರಿಗೂ ಆಗುವುದಿಲ್ಲ. ಎಲ್ಲರೂ ಒಪ್ಪಿದರು. ಶ್ರಾವಣದಲ್ಲಿ ನಾಲ್ಕು ಸೋಮವಾರ ಬರುತ್ತವೆ. ಅಷ್ಟರಲ್ಲಿ ಪ್ರತಿಯೊಬ್ಬರೂ ಪ್ರತಿಯೊಬ್ಬರ ಜೊತೆ ಒಂದು ಸಲ ಕೂತಿರಬೇಕು. ಎರಡು ಸಲ ಕೂರಬಾರದು, ಇಲ್ಲದಿದ್ದರೆ ಬೇಕಾದವರೇ ಮತ್ತೆ ಮತ್ತೆ ಸೇರಿಕೊಳ್ಳುತ್ತಾರೆ.

ಪಟ್ಟಿ ಹಾಕಲು ಕೂತೆ. ಒಂದು ಕಡೆ ಸರಿ ಮಾಡಿದರೆ ಇನ್ನೊಂದು ಕಡೆ ಕೆಡುತ್ತದೆ. ನೀವು ಮಾಳಿಗೆಯಲ್ಲಿ ದಿನಗಟ್ಟಲೆ ಚುಕ್ಕಿ ಇಟ್ಟು ಗೆರೆ ಎಳೆಯುತ್ತಾ ಕೂರುತ್ತಿದ್ದಿರಲ್ಲ, ರಂಗೋಲಿ ಕಲಿಯುತ್ತಿದ್ದಾರೆ ಅಂತ ನಮ್ಮ ಯಜಮಾನರು ಕಾಡಿಸುತ್ತಿದ್ದರು. ಆ ವಿದ್ಯೆ ಇದಕ್ಕೇನಾದರೂ ಬಂದೀತೇ?

ಅಡುಗೆ ಇನ್ನೂ ಅನ್ನ, ಮೊಟ್ಟೆಯೇನಾ?

ರಾಜೇಶ್ವರಮ್ಮ


ಕ್ಯಾಸನೂರು
೧೫ ಜೂನ್ ೨೦೨೫

ರಾಜೇಶ್ವರಮ್ಮನವರಿಗೆ ನಮಸ್ಕಾರ.

ನಿಮ್ಮ ಕಾಗದವನ್ನು ಮನೆ ಮಾಲೀಕರಾದ ಕೆಂಪಪ್ಪನವರು ಕೈಯಲ್ಲಿ ಹಿಡಿದುಕೊಂಡು ಬಂದು, ನಾನು ಒಡೆಯುವವರೆಗೂ ಬಾಗಿಲಲ್ಲೇ ನಿಂತಿದ್ದರು. ಬ್ಯಾಂಕಿನವರನ್ನು ಬಿಟ್ಟರೆ ನನಗೆ ಬರೆಯುವವರು ಇದ್ದಾರೆಂದು ಅವರಿಗೆ ಗೊತ್ತಿರಲಿಲ್ಲ. ನನಗೂ ಗೊತ್ತಿರಲಿಲ್ಲ.

ನೀವು ಕೇಳಿದ್ದು ನನ್ನ ವಿದ್ಯೆಯೇ. ಹದಿನೈದು ವರ್ಷದಿಂದ ನಾನು ಮಾಡುತ್ತಿರುವುದೇ ಇದು, ಇದರಿಂದ ಏನು ಉಪಯೋಗ ಅಂತ ಸಹೋದ್ಯೋಗಿಗಳು ಕೇಳುತ್ತಿರುವುದೂ ಇದನ್ನೇ. ನಿಮಗೆ ಗೊತ್ತಿರುವ ಸಮತಲಕ್ಕೆ ಕೊನೆಯಿಲ್ಲ, ಅದರಲ್ಲಿ ಬಿಂದುಗಳಿಗೂ ಲೆಕ್ಕವಿಲ್ಲ. ಬೆರಳೆಣಿಕೆಯ ಬಿಂದುಗಳ ಪುಟ್ಟ ಸಮತಲಗಳೂ ಇವೆ. ನಿಮ್ಮದು ಒಂಬತ್ತು ಬಿಂದುಗಳದ್ದು. ಒಬ್ಬೊಬ್ಬ ಹೆಂಗಸು ಒಂದು ಬಿಂದು. ಮೂವರು ಕೂತ ಮನೆ ಒಂದು ರೇಖೆ. ಯಾವ ಎರಡು ಬಿಂದು ಹಿಡಿದರೂ ಅವುಗಳ ಮೂಲಕ ಒಂದೇ ಒಂದು ರೇಖೆ ಹಾಯುತ್ತದೆ. ನೀವು ಹಾಕಿದ ಷರತ್ತು ಅದೇ ತಾನೆ?

ನನಗೆ ಹೆಸರು ಬೇಡ, ಅಂಕಿ ಸಾಕು. ಹೀಗೆ ಬರೆದುಕೊಳ್ಳಿ:

೧ ೨ ೩
೪ ೫ ೬
೭ ೮ ೯

ಮೊದಲ ಸೋಮವಾರ ಅಡ್ಡ ಸಾಲುಗಳು: ೧-೨-೩, ೪-೫-೬, ೭-೮-೯.
ಎರಡನೆಯದು ಉದ್ದ ಸಾಲುಗಳು: ೧-೪-೭, ೨-೫-೮, ೩-೬-೯.
ಮೂರನೆಯದು ಓರೆ ಸಾಲುಗಳು, ಅಂಚು ಬಂದರೆ ಎದುರಿನ ಅಂಚಿನಿಂದ ಮುಂದುವರಿಸಿ: ೧-೫-೯, ೨-೬-೭, ೩-೪-೮.
ನಾಲ್ಕನೆಯದು ಆಚೆ ಕಡೆಯ ಓರೆ: ೧-೬-೮, ೨-೪-೯, ೩-೫-೭.

ಯಾರಿಗೆ ಯಾವ ಅಂಕಿ ಅನ್ನುವುದನ್ನು ನೀವೇ ಹಂಚಿ. ಎಲ್ಲರೂ ಎಲ್ಲರ ಜೊತೆ ಒಂದೊಂದು ಸಲ ಕೂರುತ್ತಾರೆ. ಪರೀಕ್ಷೆ ಮಾಡಿ ನೋಡಿ. ತಪ್ಪು ಸಿಕ್ಕಿದರೆ ಮಾಳಿಗೆಯ ಹಳೇ ಬಾಡಿಗೆಯನ್ನು ಇನ್ನೊಮ್ಮೆ ಕೊಡುತ್ತೇನೆ.

ಮೊಟ್ಟೆ ಬಿಟ್ಟಿದ್ದೇನೆ. ಈಗ ಬರೀ ಅನ್ನ.

ಗಿರೀಶ


ಶಿಕಾರಿಪುರ
೨೪ ಜೂನ್ ೨೦೨೫

ಮೇಷ್ಟ್ರಿಗೆ ಶರಣು.

ಪಟ್ಟಿ ನೋಡಿ ಬಳಗದವರು ಮೂಗಿನ ಮೇಲೆ ಬೆರಳಿಟ್ಟರು. ಗಂಗಾಶ್ರೀ ಎಲ್ಲಾ ಜೋಡಿಗಳನ್ನೂ ಪೆನ್ಸಿಲಿನಲ್ಲಿ ಗುರುತು ಹಾಕಿ ಪರೀಕ್ಷೆ ಮಾಡಿದಳು. ಅವಳು ಬ್ಯಾಂಕಿನಲ್ಲಿ ಕ್ಯಾಷಿಯರ್, ಯಾರನ್ನೂ ನಂಬುವುದಿಲ್ಲ. "ಸರಿ ಐತ್ರೀ ರಾಜಕ್ಕ, ಆ ಮೇಷ್ಟ್ರು ಭಾರಿ ಶಾಣ್ಯಾ ಅದಾರೆ" ಅಂದಳು.

ಸುದ್ದಿ ಕೆರೆ ಕಡೆಯ ಹೊಸ ಬಡಾವಣೆಗೂ ಹೋಗಿದೆ. ಅಲ್ಲಿಂದ ನಾಲ್ಕು ಜನ ಬಂದು ನಮ್ಮನ್ನೂ ಸೇರಿಸಿಕೊಳ್ಳಿ ಅಂತ ಪಟ್ಟು ಹಿಡಿದಿದ್ದಾರೆ. ಸೊರಬದ ಕಡೆಯ ಗುತ್ಯಮ್ಮ ಅವರಲ್ಲಿ ಒಬ್ಬರು, ನರ್ಸ್ ಆಗಿ ನಿವೃತ್ತಿಯಾದವರು. ಒಲ್ಲೆ ಅನ್ನಲು ಬಾಯಿ ಬರಲಿಲ್ಲ. ಹೊಸ ಊರಲ್ಲಿ ಮನೆ ಕಟ್ಟಿಸಿಕೊಂಡು ಪಕ್ಕದವರ ಹೆಸರೂ ಗೊತ್ತಿಲ್ಲದೆ ಇರುವುದು ಏನೆಂದು ನನಗೆ ತಿಳಿಯುತ್ತದೆ. ನನ್ನದು ಹಳೇ ಊರೇ. ಆದರೂ ತಿಳಿಯುತ್ತದೆ. ಹದಿಮೂರು ಜನಕ್ಕೆ ನಾಲ್ಕೇ ಸೋಮವಾರದಲ್ಲಿ ಪಟ್ಟಿ ಆಗುತ್ತದೆಯೇ?

ಇನ್ನೊಂದು ಸಣ್ಣ ವಿಷಯ, ಮರೆತಿದ್ದೆ. ೧ ಮತ್ತು ೨ ಒಂದೇ ಮನೆಯಲ್ಲಿ ಕೂರುವುದು ಬೇಡ. ಅವರಿಬ್ಬರಿಗೆ ಆಗಿ ಬರುವುದಿಲ್ಲ. ಅದೊಂದು ಸಾಲು ತಿದ್ದಿ ಕಳಿಸಿಬಿಡಿ.

ರಾಜೇಶ್ವರಮ್ಮ


ಕ್ಯಾಸನೂರು
೨೯ ಜೂನ್ ೨೦೨೫

ರಾಜೇಶ್ವರಮ್ಮನವರಿಗೆ ನಮಸ್ಕಾರ.

ನಾಲ್ಕೇ ಜನ ಬಂದರಲ್ಲ, ಅದು ನನ್ನ ಪುಣ್ಯ. ಮೂರು ಜನ ಬಂದಿದ್ದರೂ ಐದು ಜನ ಬಂದಿದ್ದರೂ ಕೈಚೆಲ್ಲುತ್ತಿದ್ದೆ.

ನಿಮ್ಮ ಪಟ್ಟಿಯಲ್ಲಿ ಒಂದು ಕೊರತೆ ಇತ್ತು. ಒಂದೇ ಸೋಮವಾರ ನಡೆಯುವ ಮೂರು ಮನೆಗಳು ಒಂದನ್ನೊಂದು ಮುಟ್ಟುವುದೇ ಇಲ್ಲ. ಅವು ಸಮಾಂತರ ರೇಖೆಗಳು. ಇಲ್ಲಿ ಕೂತವರಿಗೆ ಅಲ್ಲಿ ಏನಾಯಿತು ಗೊತ್ತಾಗುವುದಿಲ್ಲ. ಈಗ ಒಂದೊಂದು ಸೋಮವಾರಕ್ಕೆ ಒಬ್ಬೊಬ್ಬ ಹೊಸಬರನ್ನು ಕೊಡಿ. ಅವರು ಆ ದಿನ ಮೂರೂ ಮನೆಗೆ ಹೋಗಬೇಕು. ಒಂದು ಮನೆಯವರು ಬೆಳಿಗ್ಗೆ ಕೂರಲಿ, ಇನ್ನೊಂದು ಮನೆಯವರು ಮಧ್ಯಾಹ್ನ, ಮತ್ತೊಂದು ಮನೆಯವರು ಸಂಜೆ. ಎಂದೂ ಸೇರದ ಮೂರು ರೇಖೆಗಳು ಆ ಹೊಸ ಬಿಂದುವಿನಲ್ಲಿ ಸೇರುತ್ತವೆ. ಕೊನೆಗೆ ಹೊಸಬರು ನಾಲ್ವರೇ ಒಂದು ದಿನ ಒಟ್ಟಿಗೆ ಕೂತರೆ ಮುಗಿಯಿತು. ಹದಿಮೂರು ಜನ, ಹದಿಮೂರು ಕೂಟ, ಒಂದೊಂದರಲ್ಲೂ ನಾಲ್ವರು. ಇದನ್ನು ಪ್ರಕ್ಷೇಪ ಸಮತಲ ಎನ್ನುತ್ತೇವೆ.

ಇದರಲ್ಲಿ ನನಗೆ ತುಂಬಾ ಇಷ್ಟವಾದದ್ದು ಹೇಳಲೇ? ಹೊಸಬರು ಹೊಸಬರಾಗಿ ಉಳಿಯುವುದಿಲ್ಲ. ಯಾವ ಕೂಟದ ನಾಲ್ವರನ್ನು ಹೊರಗಿಟ್ಟು ನೋಡಿದರೂ ಉಳಿದ ಒಂಬತ್ತು ಜನ ನಿಮ್ಮ ಹಳೇ ಪಟ್ಟಿಯಂತೆಯೇ ಕೂರುತ್ತಾರೆ. ಯಾರು ಮೊದಲಿನವರು, ಯಾರು ಆಮೇಲೆ ಬಂದವರು ಎಂದು ಪಟ್ಟಿ ನೋಡಿ ಹೇಳಲು ಯಾರಿಂದಲೂ ಆಗದು. ಹೆಸರುಗಳನ್ನು ಅದಲುಬದಲು ಮಾಡಿಯೂ ಕೂಟಗಳು ಕೆಡದಂತೆ ಇಡುವ ಬಗೆಗಳು ಐದು ಸಾವಿರದ ಆರುನೂರ ಹದಿನಾರು. ಇದಕ್ಕೆ ಸಮಮಿತಿ ಎಂದು ಹೆಸರು. ನನ್ನ ಆಯುಷ್ಯ ಕಳೆಯುತ್ತಿರುವುದು ಇದರ ಹಿಂದೆಯೇ.

೧ ಮತ್ತು ೨ರ ವಿಷಯ. ತಿದ್ದಲು ಬರುವುದಿಲ್ಲ. ಎರಡು ಬಿಂದು ಇದ್ದ ಮೇಲೆ ಅವುಗಳ ನಡುವೆ ರೇಖೆ ಇದ್ದೇ ಇರುತ್ತದೆ. ಆದರೆ ಯಾವ ಸೋಮವಾರ ಎಂಬುದು ನಮ್ಮ ಕೈಯಲ್ಲಿದೆ. ಸಮತಲಕ್ಕೆ ಅಡ್ಡ ಯಾವುದು, ಉದ್ದ ಯಾವುದು, ಓರೆ ಯಾವುದು ಗೊತ್ತಿಲ್ಲ. ಎಲ್ಲಾ ಒಂದೇ. ಅಡ್ಡ ಸಾಲುಗಳನ್ನು ಮೊದಲಿನಿಂದ ತೆಗೆದು ಕೊನೆಗೆ ಹಾಕಿದ್ದೇನೆ. ಈಗ ೧-೨-೩ ಬರುವುದು ನಾಲ್ಕನೇ ಸೋಮವಾರ. ಅಷ್ಟರಲ್ಲಿ ಅವರ ಮನಸ್ಸು ತಿಳಿಯಾದರೂ ಆದೀತು.

ಗಿರೀಶ


ಶಿಕಾರಿಪುರ
೨೯ ಜುಲೈ ೨೦೨೫

ಮೇಷ್ಟ್ರಿಗೆ ಶರಣು.

ನಿನ್ನೆ ಮೊದಲ ಸೋಮವಾರ ಆಯಿತು. ಪಟ್ಟಿಯ ಒಂದೊಂದು ಪ್ರತಿ ಹದಿಮೂರೂ ಮನೆಯ ಗೋಡೆ ಮೇಲಿದೆ. ನೇಮ ಹಿಡಿದ ಮೇಲೆ ಯಾರೂ ಪಟ್ಟಿ ಮೀರುವಂತಿಲ್ಲ, ಜ್ವರ ಬಂದರೂ ಕಂಬಳಿ ಹೊದ್ದು ಬರಬೇಕು ಅಂತ ಕಟ್ಟುನಿಟ್ಟು ಮಾಡಿದ್ದೇನೆ. ನನ್ನ ಬಾಯಿ ನಿಮಗೆ ಗೊತ್ತಲ್ಲ.

ನಮ್ಮ ಕೂಟ ನಮ್ಮ ಮನೆಯಲ್ಲೇ ಇತ್ತು. ಅರ್ಧ ತಾಸು ಓದಿದೆವು. ಆಮೇಲೆ ನಾಲ್ಕನೇ ನಂಬರಿನವಳು ತನ್ನ ಮಗಳ ವಿಚ್ಛೇದನದ ಸುದ್ದಿ ತೆಗೆದು ಅತ್ತಳು. ಏಳು ವರ್ಷದಿಂದ ಅವಳನ್ನು ದಿನಾ ನೋಡುತ್ತಿದ್ದೇನೆ. ನನಗೆ ಗೊತ್ತೇ ಇರಲಿಲ್ಲ. ಅವರೆಲ್ಲಾ ಎದ್ದು ಹೋದ ಮೇಲೆ ಲೋಟಗಳನ್ನು ತೊಳೆಯಲು ಮನಸ್ಸಾಗದೆ ಹಾಗೇ ಬಿಟ್ಟಿದ್ದೆ. ಮನೆಯಲ್ಲಿ ಒಂದಕ್ಕಿಂತ ಹೆಚ್ಚು ಲೋಟ ಎಂಜಲಾಗಿ ಬಹಳ ದಿನವಾಗಿತ್ತು. ಯಜಮಾನರು ಹೋದ ಮೇಲೆ ನಾನು ಒಬ್ಬಳಿಗೇ ಚಹ ಮಾಡುವುದು ಕಲಿತಿಲ್ಲ, ಈಗಲೂ ಹೆಚ್ಚಾಗುತ್ತದೆ.

ನೀವು ಒಂದು ತಿಂಗಳಿಂದ ಬರೆದಿಲ್ಲ. ಪಟ್ಟಿ ಕೊಟ್ಟ ಮೇಲೆ ಕೆಲಸ ಮುಗಿಯಿತು ಅಂತಲೋ?

ರಾಜೇಶ್ವರಮ್ಮ


ಶಿಕಾರಿಪುರ
೫ ಆಗಸ್ಟ್ ೨೦೨೫

ಮೇಷ್ಟ್ರಿಗೆ ಶರಣು.

ಉತ್ತರಕ್ಕೆ ಕಾಯದೆ ಬರೆಯುತ್ತಿದ್ದೇನೆ. ಅವಸರವಿದೆ.

ನಿಮ್ಮ ಹತ್ತಿರ ಮುಚ್ಚುಮರೆ ಇನ್ನು ಬೇಡ. ೧ ಅಂದರೆ ನಾನು. ೨ ಅಂದರೆ ನಮ್ಮ ಉಚ್ಚಂಗಕ್ಕ, ನನ್ನ ವಾರಗಿತ್ತಿ, ಭಾವನವರ ಹೆಂಡತಿ. ಗೋಡೆಯಾಚೆ ಇರುವವರು. ನಾವಿಬ್ಬರೂ ಒಂದೇ ದಿನ, ಒಂದೇ ಹಂದರದಲ್ಲಿ ಮದುವೆಯಾಗಿ ಈ ಮನೆಗೆ ಬಂದೆವು. ಅವರು ಬಲಗಾಲಿಟ್ಟರು, ಹಿಂದೆಯೇ ನಾನಿಟ್ಟೆ. ಒಂದೇ ಒಲೆಯ ಮುಂದೆ ಕೂತು ರೊಟ್ಟಿ ಬಡಿದೆವು, ಅವರು ತಟ್ಟಿದ್ದನ್ನು ನಾನು ಬೇಯಿಸುತ್ತಿದ್ದೆ. ಅಣ್ಣತಮ್ಮಂದಿರು ಪಾಲಾದಾಗ ಪಡಸಾಲೆ ಯಾರಿಗೆ ಎಂಬ ಮಾತು ಬಂತು. ಉಚ್ಚಂಗಕ್ಕ ಪಂಚರ ಮುಂದೆ, "ಮಕ್ಳಿಲ್ಲದೋರಿಗೆ ಪಡಸಾಲೆ ಯಾಕ್ರೀ, ಯಾರು ಓಡಾಡ್ತಾರೆ ಅದ್ರಾಗೆ" ಅಂದರು. ಪಡಸಾಲೆಯ ನಡುವೆ ಗೋಡೆ ಎದ್ದಿತು. ಅವತ್ತಿನಿಂದ ಮಾತಿಲ್ಲ. ಯಜಮಾನರು ತೀರಿಕೊಂಡಾಗ ಬಂದು ಮೂಲೆಯಲ್ಲಿ ಕೂತು ಹೋದರು, ಆಗಲೂ ಇಲ್ಲ. ಅವರ ಮಿಕ್ಸಿ ತಿರುಗುವುದು, ಅವರು ಕೆಮ್ಮುವುದು ಎಲ್ಲಾ ನನಗೆ ಕೇಳುತ್ತದೆ. ನನ್ನದು ಅವರಿಗೆ ಏನು ಕೇಳಬೇಕು? ನಾನು ಯಾರ ಜೊತೆ ಮಾತಾಡಲಿ?

ನಿನ್ನೆ ಎರಡನೇ ಸೋಮವಾರ ಐದನೇ ನಂಬರಿನ ರಜನಿ ನನ್ನ ಜೊತೆ ಕೂತಿದ್ದಳು. ಹಿಂದಿನ ವಾರ ಅವಳು ಉಚ್ಚಂಗಕ್ಕನ ಜೊತೆ ಕೂತವಳು. ಚಹ ಕುಡಿಯುತ್ತಾ ಸುಮ್ಮನೆ ಅಂದಳು: "ಉಚ್ಚಂಗಕ್ಕ ಕೇಳ್ತಿದ್ರು ರೀ, ರಾಜಿ ಮಂಡಿನೋವು ಹೆಂಗೈತಂತೆ, ಗೋಡೆ ಹಿಡ್ಕೊಂಡು ಮೆಟ್ಲು ಇಳೀತಾಳೆ, ಕೇಳ್ಸತ್ತೆ ಅಂತ."

ನನ್ನನ್ನು ರಾಜಿ ಎನ್ನುವವರು ಈಗ ಅವರೊಬ್ಬರೇ ಉಳಿದಿರುವುದು.

ಮೇಷ್ಟ್ರೇ, ನನಗೆ ನಾಲ್ಕನೇ ಸೋಮವಾರದವರೆಗೆ ತಡೆಯಲು ಆಗುವುದಿಲ್ಲ. ಮೂರನೆಯದನ್ನೂ ನಾಲ್ಕನೆಯದನ್ನೂ ಅದಲುಬದಲು ಮಾಡಿ ಕೊಡಿ. ಎಲ್ಲಾ ಸೋಮವಾರವೂ ಒಂದೇ ಅಂತ ನೀವೇ ಬರೆದಿದ್ದೀರಿ. ನಾನಾಗಿ ಹೋಗಿ ಅವರ ಬಾಗಿಲು ತಟ್ಟಬಹುದು, ಮನಸ್ಸು ಅಲ್ಲಿಗೇ ಹೋಗುತ್ತದೆ, ಕಾಲು ಹೋಗುವುದಿಲ್ಲ. ತಟ್ಟಿದರೆ ನಾನು ಸೋತ ಹಾಗೆ. ಅವರು ಬಂದರೆ ಅವರು ಸೋತ ಹಾಗೆ, ಅವರು ಬರುವ ಪೈಕಿಯಲ್ಲ. ಪಟ್ಟಿ ಕರೆದರೆ ಯಾರೂ ಸೋಲುವುದಿಲ್ಲ.

ಕೂಡಲೇ ಬರೆಯಿರಿ.

ರಾಜೇಶ್ವರಮ್ಮ


ಕ್ಯಾಸನೂರು
೭ ಆಗಸ್ಟ್ ೨೦೨೫

ರಾಜೇಶ್ವರಮ್ಮನವರಿಗೆ ನಮಸ್ಕಾರ.

ಮೌಲ್ಯಮಾಪನ, ಪ್ರವೇಶಾತಿ ಎಂದು ಬರೆಯಲಾಗಲಿಲ್ಲ. ಕ್ಷಮಿಸಿ. ಇದನ್ನು ಆನವಟ್ಟಿಯ ಅಂಚೆ ಕಚೇರಿಯಲ್ಲೇ ನಿಂತು ಬರೆಯುತ್ತಿದ್ದೇನೆ, ಶನಿವಾರಕ್ಕೆ ನಿಮಗೆ ಸಿಗಬೇಕು.

ಗಣಿತದ ಪ್ರಕಾರ ಅದಲುಬದಲಿಗೆ ಅಡ್ಡಿಯಿಲ್ಲ. ಆದರೆ ಗುತ್ಯಮ್ಮನವರು ನಾಲ್ಕನೇ ಸೋಮವಾರಕ್ಕೆ ಸೇರಿದವರು. ಮೂರನೆಯ ವಾರ ಮಗಳ ಮನೆಗೆ ಹೋಗುತ್ತಾರೆ ಎಂದು ನೀವೇ ಹಿಂದೆ ಟಿಪ್ಪಣಿ ಕಳಿಸಿದ್ದಿರಿ. ಅವರನ್ನು ಬಿಟ್ಟರೆ ಮೂರು ಕೂಟಗಳಲ್ಲಿ ತೂತು ಬೀಳುತ್ತದೆ. ಹದಿಮೂರು ಗೋಡೆಯ ಮೇಲಿನ ಪಟ್ಟಿ ತಿದ್ದಬೇಕು. ಇಬ್ಬರು ತಪ್ಪು ಮನೆಗೆ ಹೋದರೂ ಇಡೀ ರಚನೆ ಕೆಡುತ್ತದೆ. ಇಷ್ಟು ಚೆನ್ನಾಗಿ ನಡೆಯುತ್ತಿರುವುದನ್ನು ಕೈಯಾರೆ ಕೆಡಿಸುವುದು ಬೇಡ.

ಇನ್ನೂ ಒಂದು ಮಾತು. ಮೂರನೇ ಸೋಮವಾರ ನಿಮ್ಮ ಜೊತೆ ಕೂರುವ ೬ ಮತ್ತು ೮, ಇಬ್ಬರೂ ಅಷ್ಟರಲ್ಲಿ ೨ರ ಜೊತೆ ಕೂತು ಬಂದವರು. ಹಾಗೆಯೇ ಅಂದು ೨ರ ಜೊತೆ ಕೂರುವ ೪ ಮತ್ತು ೯ ನಿಮ್ಮ ಜೊತೆ ಕೂತವರು. ಅವರಿಂದ ನಿಮಗೂ, ನಿಮ್ಮಿಂದ ಅವರಿಗೂ ಇನ್ನಷ್ಟು ಮಾತು ದಾಟಲಿ. ಆಮೇಲೆ ಭೇಟಿಯಾಗುವುದು ಸುಲಭ.

ಒಂದು ವಾರ ತಾನೆ. ತಾಳ್ಮೆಯಿರಲಿ.

ಗಿರೀಶ


ಶಿಕಾರಿಪುರ
೧೨ ಆಗಸ್ಟ್ ೨೦೨೫

ಮೇಷ್ಟ್ರಿಗೆ ಶರಣು.

ಶನಿವಾರವೇ ಕಾಗದ ಸಿಕ್ಕಿತು. ಮೊದಲು ಸಿಟ್ಟು ಬಂತು. ಎಲ್ಲರಿಗೂ ಕಟ್ಟುನಿಟ್ಟು ಹೇಳಿದವಳು ನಾನೇ ಮುರಿದರೆ ನನ್ನ ಮಾತಿಗೆ ಯಾವ ಬೆಲೆ ಅಂತ ಸುಮ್ಮನಾದೆ.

ನೀವು ಹೇಳಿದ್ದೇ ಆಯಿತು. ನಿನ್ನೆ ಎಂಟನೇ ನಂಬರಿನ ಶರಣ್ಯ ಒಳಗೆ ಬಂದವಳೇ ಸೆರಗಿನಲ್ಲಿದ್ದ ಡಬ್ಬಿ ತೆಗೆದು ಕೊಟ್ಟಳು. ಶೇಂಗಾ ಚಟ್ನಿಪುಡಿ. "ಉಚ್ಚಂಗಕ್ಕ ಕೊಟ್ಟಾರೆ ಅಂತ ಹೇಳ್ಬ್ಯಾಡ ಅಂದ್ರು ರೀ. ನಂಗೆ ಸುಳ್ಳು ಹೇಳಾಕೆ ಬರಲ್ಲ." ಎಲ್ಲರೂ ನಕ್ಕರು. ನಾನೂ ನಕ್ಕೆ, ಆಮೇಲೆ ಅಡುಗೆಮನೆಗೆ ಹೋಗಿ ಕಣ್ಣು ಒರೆಸಿಕೊಂಡು ಬಂದೆ. ಬೆಳ್ಳುಳ್ಳಿ ಇಲ್ಲದ ಪುಡಿ. ಬೆಳ್ಳುಳ್ಳಿ ತಿಂದರೆ ನನಗೆ ಎದೆಯುರಿ ಅಂತ ಅವರಿಗೆ ಇನ್ನೂ ನೆನಪಿದೆ.

ಮುಂದಿನ ಸೋಮವಾರದ ಕೂಟ ಉಚ್ಚಂಗಕ್ಕನ ಮನೆಯಲ್ಲಿ. ನಾನು, ಅವರು, ಗಂಗಾಶ್ರೀ, ಬೆಳಗಿನ ಸರದಿಗೆ ಗುತ್ಯಮ್ಮ. ಏನು ಮಾತಾಡಬೇಕು ಅಂತ ದಿನಾ ಯೋಚಿಸುತ್ತೇನೆ. ಪಡಸಾಲೆಯ ಮಾತು ಎತ್ತುವುದಿಲ್ಲ. ಮಂಡಿನೋವಿನಿಂದ ಶುರು ಮಾಡಿದರೆ ಹೇಗೆ? ಹಸಿರು ಇಳಕಲ್ ಸೀರೆ ಇಸ್ತ್ರಿಗೆ ಕೊಟ್ಟಿದ್ದೇನೆ. ಹೊಸ ಮದುವಣಗಿತ್ತಿಯ ಹಾಗೆ ದಿನಕ್ಕೆರಡು ಸಲ ಕನ್ನಡಿ ನೋಡಿಕೊಳ್ಳುತ್ತೇನೆ. ಈ ವಯಸ್ಸಿನಲ್ಲಿ ಇದು ಬೇಕಿತ್ತಾ?

ರಾಜೇಶ್ವರಮ್ಮ


ಕ್ಯಾಸನೂರು
೧೭ ಆಗಸ್ಟ್ ೨೦೨೫, ಭಾನುವಾರ

ರಾಜೇಶ್ವರಮ್ಮನವರಿಗೆ ನಮಸ್ಕಾರ.

ನಾಳೆ ನಾಲ್ಕನೇ ಸೋಮವಾರ. ಈ ಕಾಗದ ನಿಮ್ಮ ಕೈ ಸೇರುವಷ್ಟರಲ್ಲಿ ನೀವು ಅವರ ಜೊತೆ ಕೂತು ಬಂದಿರುತ್ತೀರಿ. ಪುಟಗಟ್ಟಲೆ ಬರೆಯಿರಿ. ಯಾರು ಮೊದಲು ಮಾತಾಡಿದರು, ಏನು ತಿಂದಿರಿ, ಗಂಗಾಶ್ರೀಯವರು ಏನೆಂದರು, ಎಲ್ಲಾ ಬೇಕು.

ಇಲ್ಲಿ ಮಳೆ ಹಿಡಿದು ಮೂರು ದಿನವಾಯಿತು. ರಜೆ ಬೇರೆ. ಕೆಂಪಪ್ಪನವರ ಮನೆಯವರೆಲ್ಲಾ ನೆಂಟರ ಊರಿಗೆ ಹೋಗಿದ್ದಾರೆ. ನಿಮ್ಮ ಹದಿಮೂರು ಜನರ ಚಿತ್ರವನ್ನು ಬಣ್ಣದ ಪೆನ್ಸಿಲಿನಲ್ಲಿ ಬರೆದು ಗೋಡೆಗೆ ಹಚ್ಚಿದ್ದೇನೆ. ೧-೨-೩ರ ರೇಖೆಗೆ ಕೆಂಪು ಬಳಿದಿದ್ದೇನೆ. ನಿಮ್ಮ ಬಳಗದ ಹೆಚ್ಚಿನವರನ್ನು ಸರಿಯಾಗಿ ನೋಡಿಲ್ಲ, ಆದರೂ ಈ ನಾಲ್ಕು ವಾರ ಸೋಮವಾರ ಬಂತೆಂದರೆ ನನಗೂ ಎಲ್ಲೋ ಹೋಗುವುದಿದೆ ಅನಿಸುತ್ತಿತ್ತು.

ಗಿರೀಶ


ಶಿಕಾರಿಪುರ
೨೨ ಆಗಸ್ಟ್ ೨೦೨೫

ಮೇಷ್ಟ್ರಿಗೆ,

ಪುಟಗಟ್ಟಲೆ ಬರೆಯಿರಿ ಅಂದಿದ್ದೀರಿ. ಬರೆಯುತ್ತೇನೆ.

ಭಾನುವಾರ ಮಧ್ಯಾಹ್ನ ನಾನು ಅಕ್ಕಿ ಆರಿಸುತ್ತಾ ಕೂತಿದ್ದೆ. ಗೋಡೆಯಾಚೆ ಕೊಡಪಾನ ಬಿದ್ದ ಸದ್ದಾಯಿತು. ಅವರ ಸೊಸೆಯ ಕೈ ಜಾರಿರಬೇಕು ಅಂದುಕೊಂಡು ಮತ್ತೆ ಅಕ್ಕಿ ಆರಿಸಿದೆ. ಆಮೇಲೆ ಕೂಗು ಕೇಳಿತು. ಆಟೋ ಬಂತು. ನಾನು ಬಾಗಿಲಿಗೆ ಬರುವಷ್ಟರಲ್ಲಿ ಆಟೋ ತಿರುವಿನಲ್ಲಿತ್ತು. ಆಸ್ಪತ್ರೆ ಮುಟ್ಟುವ ಮೊದಲೇ ಉಚ್ಚಂಗಕ್ಕ ಹೋಗಿಬಿಟ್ಟಿದ್ದರು. ಎದೆನೋವು ಎರಡು ದಿನದಿಂದ ಇತ್ತಂತೆ. ಮಗ ದಾವಣಗೆರೆಗೆ ಹೋಗಿ ತೋರಿಸೋಣ ಅಂದಿದ್ದನಂತೆ. "ಸೋಮವಾರ ನಮ್ಮನ್ಯಾಗೆ ಕೂಟ ಐತೆ, ಅದು ಮುಗೀಲಿ, ಮಂಗಳವಾರ ಹೋಗಾಣ" ಅಂದರಂತೆ.

ನಮ್ಮಲ್ಲಿ ತೀರಿಕೊಂಡವರನ್ನು ಮಲಗಿಸುವುದಿಲ್ಲ, ಕೂರಿಸುತ್ತಾರೆ. ಸೋಮವಾರ ಬೆಳಿಗ್ಗೆ ನಾನು ಹೋದಾಗ ಅವರನ್ನು ಪಡಸಾಲೆಯಲ್ಲಿ, ಆ ಗೋಡೆಗೆ ಒರಗಿಸಿ ಕೂರಿಸಿದ್ದರು. ಹಣೆಗೆ ವಿಭೂತಿ, ಕೊರಳಿಗೆ ಹಾರ, ಮುಖ ಬಾಗಿಲ ಕಡೆಗೆ. ಬರುವವರನ್ನು ನೋಡುತ್ತಾ ಕೂತ ಹಾಗೇ ಇದ್ದರು. ನಾನು ಎಡಗಡೆ ಕೂತೆ. ಗಂಗಾಶ್ರೀ ಬಂದು ಬಲಗಡೆ ಕೂತಳು. ಗುತ್ಯಮ್ಮ ಎದುರಿಗೆ ಕೂತರು. ಪಟ್ಟಿಯಲ್ಲಿ ಇದ್ದದ್ದೂ ಅದೇ, ಅದೇ ಮನೆ, ಅದೇ ಹೊತ್ತು. ನಿಮ್ಮ ಲೆಕ್ಕ ತಪ್ಪಲಿಲ್ಲ ಮೇಷ್ಟ್ರೇ.

ಉಳಿದವರೂ ಒಬ್ಬೊಬ್ಬರಾಗಿ ಬಂದರು. ಹದಿಮೂರೂ ಜನ ಒಂದೇ ಮನೆಯಲ್ಲಿ ಸೇರುವ ದಿನ ನಿಮ್ಮ ಪಟ್ಟಿಯಲ್ಲಿ ಇರಲಿಲ್ಲ. ಅವತ್ತು ಸೇರಿದೆವು.

ಸೊಸೆ ನನ್ನ ಕೈ ಹಿಡಿದುಕೊಂಡು ಅತ್ತಳು. "ಶನಿವಾರನೇ ಪಡಸಾಲೆ ತೊಳ್ಸಿದ್ರು ಚಿಕ್ಕತ್ತೆ. ನಾಲ್ಕು ಮಣೆ ಹಾಕ್ಸಿ, ನಿಮ್ಮದು ಎಲ್ಲಿ ಅಂತ ತಾವೇ ಎತ್ತಿಟ್ಟು ನೋಡಿದ್ರು. ನೀವ್ಯಾರೂ ಬಾಯಿ ಹಾಕ್ಬ್ಯಾಡ್ರಿ, ರಾಜಿ ಒಳಗೆ ಬಂದ ಕೂಡ್ಲೇ ಮೊದ್ಲು ಮಾತಾಡೋಳು ನಾನೇ ಅಂದಿದ್ರು."

ಏನು ಮಾತಾಡುತ್ತಿದ್ದರು? ಕೇಳಿದೆ. ಅವಳಿಗೆ ಗೊತ್ತಿಲ್ಲ. ಯಾರಿಗೂ ಹೇಳಿರಲಿಲ್ಲ.

ಅವರಿಗಾಗಿ ಕಾದು ಕಾದು ನಾನೇ ಮಾತಾಡಿದೆ. "ಅಕ್ಕಾ, ನಾನು ರಾಜಿ, ಬಂದೀನಿ ನೋಡ್ರಿ" ಅಂದೆ. ಮಂಡಿನೋವಿನ ವಿಷಯ ಹೇಳಿದೆ. ಚಟ್ನಿಪುಡಿ ಖಾಲಿಯಾಯಿತು ಅಂದೆ. ಭಜನೆ ಮಾಡುತ್ತಿದ್ದವರು ನಿಲ್ಲಿಸಿದರು, ನಾನು ನಿಲ್ಲಿಸಲಿಲ್ಲ. ಮಧ್ಯಾಹ್ನ ಬಿದಿರು, ಹೂವಿನ ವಿಮಾನ ಕಟ್ಟಿ, ಅದರಲ್ಲಿ ಅವರನ್ನು ಕೂರಿಸಿ ಹೊತ್ತುಕೊಂಡು ಹೋದರು.

ನಮ್ಮ ಬಾಗಿಲಿಗೂ ಅವರ ಬಾಗಿಲಿಗೂ ನಡುವೆ ಒಂದು ತುಳಸಿ ಕುಂಡ ಇದೆ, ಅಷ್ಟೇ. ಅದನ್ನು ದಾಟಲು ಇಬ್ಬರಿಗೂ ಪಟ್ಟಿ ಬೇಕಾಯಿತು.

ರಾಜೇಶ್ವರಮ್ಮ


ಕ್ಯಾಸನೂರು
೩೧ ಆಗಸ್ಟ್ ೨೦೨೫

ರಾಜೇಶ್ವರಮ್ಮನವರಿಗೆ,

ನಾಲ್ಕು ಸಲ ಬರೆದು ಹರಿದೆ. ಇದನ್ನು ಹರಿಯುವುದಿಲ್ಲ.

೧ ಮತ್ತು ೨ ಒಂದೇ ಮನೆಯಲ್ಲಿ ಬೇಡ ಎಂದು ನೀವು ಬರೆದ ದಿನವೇ ಅವರು ಯಾರೆಂದು ನನಗೆ ಗೊತ್ತಾಗಿತ್ತು. ಆರು ವರ್ಷ ಆ ಮಾಳಿಗೆಯಲ್ಲಿದ್ದವನು ನಾನು. ನೀವು ಮೆಟ್ಟಿಲಿನ ಮೇಲೆ ನನಗೆ ಪಲ್ಯ ಇಟ್ಟು ಹೋದ ದಿನಗಳಲ್ಲಿ ಅವರು ತಾರಸಿಯ ಕಡೆಯಿಂದ ಮಜ್ಜಿಗೆ ಕೊಡುತ್ತಿದ್ದರು. "ರಾಜಿ ಇವತ್ತೇನು ಕೊಟ್ಳು?" ಎಂದು ಕೇಳುತ್ತಿದ್ದರು. ನಿಮಗೆ ಹೇಳಬಾರದೆಂದು ಮಾತು ತೆಗೆದುಕೊಂಡಿದ್ದರು. ಹೇಳಲಿಲ್ಲ.

ನೀವು ಆ ಸಾಲು ತಿದ್ದಿ ಎಂದಾಗ ನಾನೇ ಯೋಚಿಸಿ ಕೊನೆಗೆ ಇಟ್ಟೆ. ಮೊದಲ ವಾರ ಬಂದರೆ ನೀವು ಏನಾದರೂ ನೆಪ ಹೇಳಿ ತಪ್ಪಿಸಿಕೊಳ್ಳುತ್ತೀರಿ. ಮೂರು ವಾರ ಬಿಟ್ಟರೆ ಆರು ಜನ ನಿಮ್ಮಿಬ್ಬರ ನಡುವೆ ಓಡಾಡಿ ದಾರಿ ಮಾಡಿರುತ್ತಾರೆ. ಅದು ಹಾಗೆಯೇ ಆಯಿತು ಕೂಡ. ನನ್ನ ಜಾಣತನಕ್ಕೆ ನಾನೇ ಹಿಗ್ಗಿದೆ. ನೀವು ತಡೆಯಲಾಗುವುದಿಲ್ಲ, ಬದಲಾಯಿಸಿ ಎಂದು ಬೇಡಿದಾಗಲೂ ನನ್ನ ಕಣ್ಣಿಗೆ ಕಂಡದ್ದು ಪಟ್ಟಿಯ ಅಂದ. ಒಂದು ವಾರ ತಾನೆ ಎಂದು ಬರೆದೆ.

ಸಮತಲದಲ್ಲಿ ಯಾವ ಸೋಮವಾರವೂ ಇನ್ನೊಂದಕ್ಕಿಂತ ಮೊದಲಲ್ಲ, ಅದಕ್ಕೆ ಕಾಲವೆಂಬುದೇ ಇಲ್ಲ. ಅದಕ್ಕಾಗಿಯೇ ನನಗೆ ಅದು ಅಷ್ಟು ಇಷ್ಟವೇನೋ. ಮನುಷ್ಯರ ಸೋಮವಾರಗಳು ಹಾಗಲ್ಲ ಎಂಬುದು ನಲವತ್ತನಾಲ್ಕು ವರ್ಷದವನಿಗೆ ಹೊಳೆಯಲಿಲ್ಲ. ಹೊಳೆಯಲು ಮನೆಯಲ್ಲಿ ಕಾಯುವವರು ಯಾರಾದರೂ ಇರಬೇಕಿತ್ತು. ಗೋಡೆಯ ಚಿತ್ರ ತೆಗೆದುಹಾಕಿದ್ದೇನೆ.

ನಿಮ್ಮ ಮುಖ ನೋಡಿ ಕ್ಷಮೆ ಕೇಳಬೇಕು. ಈಗ ಆಂತರಿಕ ಪರೀಕ್ಷೆ ಶುರುವಾಗಿದೆ. ದಸರಾ ರಜೆ ಬಿಟ್ಟ ಕೂಡಲೇ ಬರುತ್ತೇನೆ.

ಗಿರೀಶ


ಶಿಕಾರಿಪುರ
೩ ಸೆಪ್ಟೆಂಬರ್ ೨೦೨೫

ಮೇಷ್ಟ್ರಿಗೆ ಶರಣು.

ಕವರು ತರಲು ಹೋದರೆ ತಡವಾಗುತ್ತದೆ, ಮನೆಯಲ್ಲಿದ್ದ ಕಾರ್ಡಿನಲ್ಲಿ ಬರೆಯುತ್ತಿದ್ದೇನೆ. ಕ್ಷಮೆ ಗಿಮೆ ನನಗೆ ಬೇಡ. ಬಾಗಿಲು ತಟ್ಟದೆ ಕೂತವಳು ನಾನು, ನೀವಲ್ಲ. ಅವರು ಮಜ್ಜಿಗೆ ಕೊಡುತ್ತಾ ಏನೇನು ಕೇಳುತ್ತಿದ್ದರು, ಅದು ನನಗೆ ಬೇಕು. ಒಂದು ಮಾತೂ ಬಿಡದೆ ಹೇಳಬೇಕು.

ದಸರಾ ಅನ್ನಬೇಡಿ. ಈ ಭಾನುವಾರ ಬನ್ನಿ. ಬೆಳಗಿನ ಬಸ್ಸಿಗೆ ಹತ್ತಿದರೆ ಶಿರಾಳಕೊಪ್ಪದ ಮೇಲೆ ಊಟದ ಹೊತ್ತಿಗೆ ಇಲ್ಲಿರುತ್ತೀರಿ. ಗ್ರಹಣ ಅಂತ ನೆಪ ಹೇಳಬೇಡಿ, ಅದು ರಾತ್ರಿಗೆ. ನಾನು ರೊಟ್ಟಿ ಬಡಿದಿರುತ್ತೇನೆ.

ರಾಜಿ